ಎಡ್ವರ್ಡ್ ವಿಂಪರನ ಹಗ್ಗ

ಸ್ವಿಟ್ಸರ್ಲೆಂಡಿನ ಜೆರ್ಮಾಟ್ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ಒಂದು ಹಗ್ಗದ ತುಂಡನ್ನು ಕಾಪಾಡಿಕೊಂಡು ಬಂದಿದ್ದಾರೆ. ಕಿರುಬೆರಳಿನಷ್ಟೂ ದಪ್ಪವಿಲ್ಲದ, ಬಣ್ಣಗೆಟ್ಟ, ತುದಿಯಲ್ಲಿ ಎಳೆ ಬಿಚ್ಚಿಕೊಂಡ ಹುರಿ ಅದು. ನಮ್ಮ ಕಡೆಯ ಬಾವಿಕಟ್ಟೆಯ ಮೇಲೆ ಇಂಥದೊಂದು ಬಿದ್ದಿದ್ದರೆ ತುಂಬಿದ ಕೊಡವನ್ನು ಸೇದುವುದಕ್ಕೆ ಯಾರೂ ಅದನ್ನು ನಂಬಲಾರರು. ಆದರೆ 1865ನೆಯ ಇಸವಿಯ ಜುಲೈ 14ರಂದು, ಮ್ಯಾಟರ್‌ಹಾರ್ನ್ ಪರ್ವತದ ನೆತ್ತಿಯ ಕೆಳಗೆ, ಅದಕ್ಕೆ ನಾಲ್ಕು ಜೀವಗಳು ಜೋತುಬಿದ್ದಿದ್ದುವು. ಕ್ಷಣಮಾತ್ರ ಮಾತ್ರ, ಆಮೇಲೆ ಹಗ್ಗ ಹರಿಯಿತು.

ಆ ಹಗ್ಗವನ್ನು ತನ್ನ ಸಾಮಗ್ರಿಯೊಡನೆ ಬೆಟ್ಟಕ್ಕೆ ತಂದವನು ಎಡ್ವರ್ಡ್ ವಿಂಪರ್. ಹಗ್ಗವನ್ನು ಹೇಗೆ ಹಿಡಿಯಬೇಕು, ಎಲ್ಲಿ ಕಟ್ಟಬೇಕು, ಇಳಿದ ಮೇಲೆ ಹೇಗೆ ಬಿಡಿಸಿಕೊಳ್ಳಬೇಕು ಎಂಬುದನ್ನು ಆ ಕಾಲದಲ್ಲಿ ಕುಳಿತು ಯೋಚಿಸಿದ ಕೆಲವೇ ಮಂದಿಯಲ್ಲಿ ಅವನೊಬ್ಬನು. ಹಾಗಿದ್ದೂ ಆ ದಿನ ಅಂಥ ಹುರಿ ಮನುಷ್ಯರ ಸೊಂಟಗಳ ನಡುವೆ ಬಂದದ್ದು ಹೇಗೆ? ಅವನ ಎಪ್ಪತ್ತೊಂದು ವರ್ಷಗಳ ಬಾಳಿನಲ್ಲಿ ಲೋಕವು ಅವನನ್ನು ಕೇಳಿದ್ದು ಬಹುಮಟ್ಟಿಗೆ ಇದೊಂದೇ ಪ್ರಶ್ನೆಯನ್ನು.

ವಿಂಪರನು ಹುಟ್ಟಿದ್ದು ಲಂಡನ್ನಿನಲ್ಲಿ, 1840ರ ಏಪ್ರಿಲ್ 27ರಂದು. ಹನ್ನೊಂದು ಮಕ್ಕಳ ಸಂಸಾರದಲ್ಲಿ ಎರಡನೆಯವನು. ತಂದೆ ಜೊಸಾಯ ವಿಂಪರನು ಪುಸ್ತಕಗಳಿಗೆ ಮರದ ಅಚ್ಚಿನ ಚಿತ್ರಗಳನ್ನು ಕೆತ್ತಿಕೊಡುವ ಕಸುಬಿನವನು. ಛಾಯಾಚಿತ್ರವನ್ನು ನೇರವಾಗಿ ಅಚ್ಚುಹಾಕುವ ಉಪಾಯ ಇನ್ನೂ ಬಂದಿರದ ಕಾಲ. ಪುಸ್ತಕಕ್ಕೆ ಚಿತ್ರ ಬೇಕಾದರೆ ಗಟ್ಟಿಮರದ ತುಂಡಿನ ಮೇಲೆ ಸಣ್ಣ ಉಳಿಯಿಂದ ಗೆರೆಗೆರೆಯಾಗಿ ಕೊರೆಯಬೇಕಾಗಿತ್ತು. ಹುಡುಗನು ಬೇಗನೆ ಶಾಲೆ ಬಿಟ್ಟು ತಂದೆಯ ಅಂಗಡಿಯಲ್ಲಿ ಕುಳಿತನು. ಆ ವರ್ಷಗಳಲ್ಲಿ ಅವನು ಬರೆದ ದಿನಚರಿ ಉಳಿದುಬಂದಿದೆ. ಹವೆ, ಕೆತ್ತಿದ ತುಂಡು, ಊರಿನ ಸುದ್ದಿ, ಮತ್ತೆ ಕೆತ್ತಿದ ತುಂಡು: ಪುಟದ ಮೇಲೆ ಪುಟ ಇದೇ ಬೇಸರ. ಉತ್ತರಧ್ರುವದ ಕಡೆಗೆ ಹೋಗಬೇಕೆಂಬುದು ಅವನ ಒಳಗಿನ ಆಸೆಯಾಗಿತ್ತು. ಆದರೆ ಕೈ ಮಾತ್ರ ಕಸುಬನ್ನು ಚೆನ್ನಾಗಿ ಕಲಿಯಿತು. ಮರದಲ್ಲಿ ಒಮ್ಮೆ ತಪ್ಪಿ ಕೊರೆದದ್ದನ್ನು ಅಳಿಸಲು ಬರುವುದಿಲ್ಲ. ಆ ಕಸುಬು ಕಲಿಸಿದ ಚೊಕ್ಕತನವೂ ಬಿಗುಮಾನವೂ ಅವನ ಸ್ವಭಾವದಲ್ಲಿ ಕೊನೆಯವರೆಗೆ ಉಳಿದುವು.

1860ರಲ್ಲಿ ಲಂಡನ್ನಿನ ಪ್ರಕಾಶಕನಾದ ವಿಲಿಯಂ ಲಾಂಗ್‌ಮನ್ ಆಲ್ಪ್ಸ್ ಪರ್ವತಗಳ ಚಿತ್ರಗಳನ್ನು ಬರೆದು ತರಲು ಈ ಇಪ್ಪತ್ತರ ಯುವಕನನ್ನು ಕಳುಹಿಸಿದನು. ಅದಕ್ಕೆ ಮೊದಲು ವಿಂಪರನು ಬೆಟ್ಟವೆಂಬುದನ್ನು ಸರಿಯಾಗಿ ಕಂಡವನೇ ಅಲ್ಲ. ಹೋದದ್ದು ಚಿತ್ರಕ್ಕಾಗಿ, ಮರುಳಾದದ್ದು ಶಿಖರಕ್ಕೆ. ಮರುವರ್ಷವೇ ಫ್ರಾನ್ಸಿನ ಪೆಲ್ವೂ ಪರ್ವತವನ್ನು ಏರಿ, ಅಲ್ಲಿಂದ ಯಾರೂ ಮೆಟ್ಟದಿದ್ದ ಮ್ಯಾಟರ್‌ಹಾರ್ನಿನ ಕಡೆಗೆ ತಿರುಗಿದನು. 4,478 ಮೀಟರ್ ಎತ್ತರದ ಆ ಶಿಖರವು ಸ್ವಿಟ್ಸರ್ಲೆಂಡಿಗೂ ಇಟಲಿಗೂ ನಡುವೆ ನಾಲ್ಕು ಮೈಯ ಗೋಪುರದಂತೆ ಒಂಟಿಯಾಗಿ ನಿಂತಿದೆ. ಅದರ ನೆತ್ತಿಯಲ್ಲಿ ಭೂತಗಳು ವಾಸಿಸುತ್ತವೆಂದು ಕಣಿವೆಯ ಜನ ನಂಬಿದ್ದರಂತೆ.

ಇಟಲಿಯ ಕಡೆಯಿಂದ ಅದನ್ನೇರಲು ಅವನು ಮತ್ತೆ ಮತ್ತೆ ಯತ್ನಿಸಿದನು. ಮಾರ್ಗದರ್ಶಿಗಳು ಸಿಕ್ಕಿದರೆ ಅವರೊಡನೆ, ಸಿಗದಿದ್ದರೆ ಡೇರೆ ಹೊರಲು ಬಂದ ಲುಕ್ ಮೇನೆ ಎಂಬ ಗೂನುಬೆನ್ನಿನ ಬಡವನೊಡನೆ, ಅವನೂ ಇಲ್ಲದಿದ್ದರೆ ಒಬ್ಬನೇ. ಒಬ್ಬನೇ ಏರುವವನಿಗೆ ಬರುವ ಕಷ್ಟ ಏರಿಕೆಯಲ್ಲಿ ಅಷ್ಟಾಗಿ ಇಲ್ಲ, ಇಳಿತದಲ್ಲಿದೆ. ಏರುವಾಗ ಕಣ್ಣು ಕೈಯ ಮುಂದೆ ಇರುತ್ತದೆ. ಇಳಿಯುವಾಗ ಕಾಲು ಕುರುಡಾಗಿ ಹುಡುಕಬೇಕು. ಹಗ್ಗವನ್ನು ಬಂಡೆಗೆ ಕಟ್ಟಿ ಇಳಿಯೋಣವೆಂದರೆ, ಇಳಿದಾದ ಮೇಲೆ ಹಗ್ಗ ಮೇಲೆಯೇ ಉಳಿಯಿತು. ಮುಂದಿನ ಕಡಿದಾದ ಜಾಗಕ್ಕೆ ಏನು ಗತಿ?

ಇದಕ್ಕೆ ವಿಂಪರನು ಕಂಡುಕೊಂಡ ಉಪಾಯ ಕಸುಬುದಾರನಿಗೆ ಒಪ್ಪುವಂಥದು. ಹಗ್ಗದ ಒಂದು ತುದಿಗೆ ಒಂದು ಕಬ್ಬಿಣದ ಉಂಗುರವನ್ನು ಬಿಗಿದನು. ಇನ್ನೊಂದು ತುದಿಯನ್ನು ಬಂಡೆಯ ಮೂಗಿಗೆ ಸುತ್ತಿಸಿ ಉಂಗುರದೊಳಗಿಂದ ತೂರಿಸಿ ಎಳೆದರೆ ಕುಣಿಕೆಯು ಬಂಡೆಯನ್ನು ಅಪ್ಪಿಕೊಳ್ಳುತ್ತದೆ. ಮೈಭಾರ ಹೆಚ್ಚಿದಷ್ಟೂ ಅಪ್ಪುಗೆ ಬಿಗಿ. ಉಂಗುರಕ್ಕೆ ಬೇರೊಂದು ತೆಳುಹುರಿಯನ್ನು ಕಟ್ಟಿ ಕೆಳಕ್ಕೆ ಬಿಟ್ಟಿರುತ್ತಿದ್ದನು. ಇಳಿದು ಕಾಲೂರಿದ ಮೇಲೆ ಆ ತೆಳುಹುರಿಯನ್ನು ಜಗ್ಗಿದರೆ ಉಂಗುರ ಹಿಂದಕ್ಕೆ ಸರಿದು ಕುಣಿಕೆ ಸಡಿಲವಾಗಿ ಹಗ್ಗವೆಲ್ಲ ಕೆಳಗೆ ಬೀಳುತ್ತದೆ. ಇದರ ಜೊತೆಗೆ ಕೈಗೆಟುಕದ ಬಂಡೆಯಂಚಿಗೆ ಸಿಕ್ಕಿಸಲು ಒಂದು ಉಕ್ಕಿನ ಕೊಕ್ಕೆಯನ್ನೂ, ಗಾಳಿಗೆ ಹಾರದ ಒಂದು ಡೇರೆಯನ್ನೂ ಅವನು ರಚಿಸಿದನು. ಡೇರೆಯಂತೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿ ಬಹುಕಾಲ ಬಳಕೆಯಲ್ಲಿತ್ತು.

ಉಪಕರಣ ಇದ್ದಮಾತ್ರಕ್ಕೆ ಎಲ್ಲ ಕಡೆಯಲ್ಲಿಯೂ ಅದನ್ನು ಬಳಸುವ ತಾಳ್ಮೆ ಇರುತ್ತದೆಯೆ? 1862ರ ಜುಲೈ 19ರಂದು, ಒಬ್ಬಂಟಿಯಾಗಿ ಬಹಳ ಎತ್ತರಕ್ಕೆ ಹೋಗಿ ಹಿಂದಿರುಗುತ್ತಿದ್ದಾಗ, ಕಷ್ಟದ ಜಾಗಗಳೆಲ್ಲ ಮುಗಿದುವೆನ್ನುವಷ್ಟರಲ್ಲಿ, ಹಿಮದ ಇಳಿಜಾರಿನ ಒಂದು ಮೂಲೆಯಲ್ಲಿ ಅವನ ಕಾಲು ಜಾರಿತು. ಏಳೆಂಟು ಸಲ ಪುಟಿಯುತ್ತ ಸುಮಾರು 200 ಅಡಿ ಉರುಳಿ, ಪ್ರಪಾತದ ಅಂಚಿನಲ್ಲಿ ತಡೆದು ನಿಂತನು. ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಗಾಯ. ತಲೆಯಿಂದ ಸುರಿಯುವ ನೆತ್ತರಿಗೆ ಹಿಮದ ಮುದ್ದೆಯನ್ನು ಒತ್ತಿಹಿಡಿದು ಮೇಲಕ್ಕೆ ತೆವಳಿ, ಮೂರ್ಛೆ ತಿಳಿದೆದ್ದು, ಕತ್ತಲೆಯಲ್ಲಿ ಊರು ಸೇರಿದನು. ಒಂದು ವಾರ ಕಳೆಯುವ ಮೊದಲೇ ಮತ್ತೆ ಅದೇ ಬೆಟ್ಟದಲ್ಲಿದ್ದನು. ಇದನ್ನು ಧೈರ್ಯವೆನ್ನಬೇಕೋ ಮೊಂಡುತನವೆನ್ನಬೇಕೋ ಓದುಗರೇ ನಿರ್ಧರಿಸಲಿ. ನನಗಂತೂ ಎರಡೂ ಕಾಣುತ್ತವೆ.

ಇಲ್ಲಿ ಆ ಕಾಲದ ಹಗ್ಗದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಏರುವವರೆಲ್ಲ ಒಂದೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಸಾಲಾಗಿ ನಡೆಯುತ್ತಿದ್ದರು. ಒಬ್ಬನು ಜಾರಿದರೆ ಉಳಿದವರು ತಡೆದು ನಿಲ್ಲಿಸಬೇಕು. ತಡೆಯುವುದೆಂದರೆ ಬರಿಯ ಕಾಲಿನ ಊರು, ಕೈಯ ಹಿಡಿತ, ಅಷ್ಟೆ. ಹಗ್ಗವನ್ನು ಬಂಡೆಗೆ ಸೇರಿಸುವ ಕೊಂಡಿಯಿಲ್ಲ, ಬೀಳುವವನ ವೇಗವನ್ನು ನುಂಗುವ ಯಾವ ಉಪಕರಣವೂ ಇಲ್ಲ. ಭಾರವಾದ ಮೂಟೆಯನ್ನು ಅಟ್ಟದಿಂದ ಇಳಿಸುವ ಕೂಲಿಯವನು ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಬಿಡುತ್ತಾನಲ್ಲವೆ? ಅದರ ಲೆಕ್ಕವನ್ನು ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲಿಯೇ ಹಾಕಿ ತೋರಿಸಿದ್ದನು. ಸಾಮಾನ್ಯವಾದ ಒರಟುತನವಿರುವ ಕಂಬಕ್ಕೆ ಒಂದು ಪೂರ್ತಿ ಸುತ್ತು ಹಾಕಿದರೆ ಕೈಯ ಹಿಡಿತ ಆರು ಪಟ್ಟು ಮಿಕ್ಕಿ ಹೆಚ್ಚುತ್ತದೆ. ಎರಡು ಸುತ್ತಾದರೆ ನಲವತ್ತು ಪಟ್ಟು. ಮನುಷ್ಯನ ತೋಳಿಗೆ ಅಸಾಧ್ಯವಾದದ್ದು ಹಗ್ಗದ ಉಜ್ಜುವಿಕೆಗೆ ಸುಲಭ. ಆದರೆ ಕೂಲಿಯವನಿಗೆ ಗೊತ್ತಿದ್ದ ಈ ಗುಟ್ಟು ಬೆಟ್ಟ ಹತ್ತುವ ದೊರೆಗಳ ಅಭ್ಯಾಸದೊಳಕ್ಕೆ ಇನ್ನೂ ಇಳಿದಿರಲಿಲ್ಲ. ಹಗ್ಗದ ಗಟ್ಟಿತನದ ಮೇಲೆ ಮಾತ್ರ ಗಮನ ಬಿದ್ದಿತ್ತು. 1864ರಲ್ಲಿ ಲಂಡನ್ನಿನ ಆಲ್ಪೈನ್ ಕ್ಲಬ್ ಒಂದು ಸಮಿತಿಯನ್ನು ಮಾಡಿ, ಹಗ್ಗಗಳಿಗೆ ಮನುಷ್ಯಭಾರವನ್ನು ಕಟ್ಟಿ ಬೀಳಿಸಿ ಪರೀಕ್ಷಿಸಿ, ಮನಿಲಾ ನಾರಿನ ಒಳ್ಳೆಯ ಹಗ್ಗವನ್ನು ಆರಿಸಿತು. ಅದು ಬಂದ ಮೇಲೆ ವಿಂಪರನು ತನ್ನ ಹಳೆಯ ತೆಳುಹಗ್ಗವನ್ನು ಬಿಟ್ಟನು. ಅದು ಇಂಗ್ಲಿಷರ ಮನೆಗಳಲ್ಲಿ ಕಿಟಕಿಯ ಬಾಗಿಲನ್ನು ಮೇಲೆ ಕೆಳಗೆ ಸರಿಸಲು ಬಳಸುವ ಹುರಿಯ ಜಾತಿಯದು. ಬಿಟ್ಟನು ಎಂದೆನಷ್ಟೆ, ಎಸೆಯಲಿಲ್ಲ. ಬಂಡೆಗೆ ಕಟ್ಟಿ ಅಲ್ಲಿಯೇ ಬಿಟ್ಟುಬರುವ ಸಂದರ್ಭ ಬಂದರೆ ಇರಲಿ ಎಂದು ಹೊರೆಯಲ್ಲಿ ಇಟ್ಟುಕೊಂಡನು.

1865ರ ಜುಲೈ. ಅವನೊಡನೆ ಏರಬೇಕಾಗಿದ್ದ ಇಟಲಿಯ ಜಾನ್ ಆಂಟ್ವಾನ್ ಕರೆಲ್ ಎಂಬ ಪ್ರಸಿದ್ಧ ಮಾರ್ಗದರ್ಶಿಯು ಗುಟ್ಟಾಗಿ ತನ್ನ ದೇಶದವರ ತಂಡವನ್ನು ಸೇರಿ ಹೊರಟೇಬಿಟ್ಟಿದ್ದನು. ವಿಂಪರನಿಗೆ ಕಿಚ್ಚು ಹತ್ತಿತು. ಹದಿನೆಂಟು ವರ್ಷದ ಲಾರ್ಡ್ ಫ್ರಾನ್ಸಿಸ್ ಡಗ್ಲಾಸನೊಡನೆ ಕಣಿವೆಯನ್ನು ದಾಟಿ ಜೆರ್ಮಾಟಿಗೆ ಬಂದನು. ಅಲ್ಲಿ ಪಾದ್ರಿ ಚಾರ್ಲ್ಸ್ ಹಡ್ಸನ್ ಅದೇ ಶಿಖರಕ್ಕೆಂದು ಬಂದಿದ್ದನು. ಅವನ ಜೊತೆ ಹ್ಯಾಡೊ ಎಂಬ ಹತ್ತೊಂಬತ್ತರ ಹುಡುಗ, ಮತ್ತು ಶಾಮೊನಿ ಕಡೆಯ ಮಿಷೆಲ್ ಕ್ರೋ ಎಂಬ ಮಾರ್ಗದರ್ಶಿ. ಕ್ರೋ ಹಿಂದೆ ವಿಂಪರನೊಡನೆ ಅನೇಕ ಶಿಖರಗಳನ್ನೇರಿದ್ದವನು. ಎರಡು ತಂಡಗಳು ಒಂದಾದುವು. ಹ್ಯಾಡೊ ಬೆಟ್ಟಕ್ಕೆ ಹೊಸಬನಲ್ಲವೆ ಎಂದು ವಿಂಪರನು ವಿಚಾರಿಸಿದನು, ಹಡ್ಸನ್ ಭರವಸೆಯಿತ್ತನು, ಮಾತು ಮುಗಿಯಿತು. ಜೆರ್ಮಾಟಿನ ಪೀಟರ್ ಟೌಗ್‌ವಾಲ್ಡರ್ ಮತ್ತು ಅವನ ಮಗ, ಅವನೂ ಪೀಟರ್ ಎಂಬ ಹೆಸರಿನವನೇ, ಸೇರಿ ಶಿಖರವನ್ನೇರಲಿದ್ದ ಏಳು ಮಂದಿ 13ರ ಬೆಳಗ್ಗೆ ಹೊರಟರು. ಎಲ್ಲರೂ ಒಟ್ಟಾಗಿ ಹಗ್ಗ ಕಟ್ಟಿ ಪಳಗಿರದ ಏಳು ಮಂದಿ.

ಏರಿಕೆ ಅನಿರೀಕ್ಷಿತವಾಗಿ ಸುಲಭವಾಯಿತು. ಕೆಳಗಿನಿಂದ ಗೋಡೆಯಂತೆ ಕಂಡ ಪೂರ್ವದ ಮೈ ಹತ್ತಿರ ಹೋದಾಗ ಮೆಟ್ಟಿಲಿನಂತಿತ್ತು. ಮೇಲ್ಭಾಗದಲ್ಲಿ ಒಂದೇ ಕಡೆ, ಬಂಡೆಯ ಮೇಲೆ ತೆಳುವಾದ ಮಂಜುಗಡ್ಡೆ ಹರಡಿದ್ದ ಸ್ವಲ್ಪ ದೂರ, ಕಷ್ಟವೆನಿಸಿತು. ಹ್ಯಾಡೊವಿಗೆ ಅಲ್ಲಿ ಪದೇಪದೇ ಆಸರೆ ಬೇಕಾಯಿತು. 14ರ ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಶಿಖರ ಕಾಲಡಿಯಲ್ಲಿತ್ತು. ಕೆಳಗೆ ಇಟಲಿಯ ಕಡೆ ಚುಕ್ಕೆಗಳಂತೆ ಕರೆಲನ ತಂಡ ಕಾಣಿಸಿತು. ಅವರ ಗಮನ ಸೆಳೆಯಲು ವಿಂಪರನೂ ಕ್ರೋನೂ ಕಲ್ಲುಗಳನ್ನು ಉರುಳಿಸಿದರು. ಕ್ರೋ ತನ್ನ ಅಂಗಿಯನ್ನು ಡೇರೆಯ ಕೋಲಿಗೆ ಕಟ್ಟಿ ಬಾವುಟ ಮಾಡಿದನು. ಒಂದು ಗಂಟೆಯ ಸಂತೋಷ.

ಇಳಿಯುವ ಮೊದಲು ವಿಂಪರನು ಹಡ್ಸನ್ನನಿಗೆ ಒಂದು ಸಲಹೆ ಮಾಡಿದನು. ಕಷ್ಟದ ಜಾಗಕ್ಕೆ ಬಂದಾಗ ಒಂದು ಹಗ್ಗವನ್ನು ಬಂಡೆಗೆ ಭದ್ರವಾಗಿ ಕಟ್ಟಿ, ಇಳಿಯುವವರೆಲ್ಲ ಅದನ್ನು ಹಿಡಿದುಕೊಂಡು ಇಳಿಯಬೇಕು ಎಂದು. ಹಡ್ಸನ್ ಒಪ್ಪಿದನು. ಹೊರೆಯಲ್ಲಿ ಹಗ್ಗಕ್ಕೆ ಕೊರತೆಯಿರಲಿಲ್ಲ. ಮೂರು ಬಗೆಯದು ಸೇರಿ 500 ಅಡಿಗೂ ಮೇಲಿತ್ತು. ಆದರೆ ಮಾಡಲೇಬೇಕೆಂದು ಯಾರೂ ನಿಶ್ಚಯಿಸಲಿಲ್ಲ. ಉಳಿದವರು ಹಗ್ಗ ಕಟ್ಟಿಕೊಳ್ಳುತ್ತಿದ್ದಾಗ ವಿಂಪರನು ಶಿಖರದ ಚಿತ್ರ ಬರೆಯುತ್ತಿದ್ದನು. ಆಮೇಲೆ, ಏರಿದವರ ಹೆಸರುಗಳನ್ನು ಒಂದು ಸೀಸೆಯಲ್ಲಿ ಇಡಲಿಲ್ಲವೆಂದು ಯಾರೋ ನೆನಪಿಸಿದ್ದರಿಂದ ಅದನ್ನು ಬರೆದಿಡಲು ನಿಂತನು. ಕ್ರೋ ಮುಂದೆ, ಅವನ ಹಿಂದೆ ಹ್ಯಾಡೊ, ಹಡ್ಸನ್, ಡಗ್ಲಾಸ್, ಆಮೇಲೆ ಮುದಿ ಪೀಟರ್. ವಿಂಪರನೂ ಕಿರಿಯ ಪೀಟರನೂ ಬೇರೆಯಾಗಿ ಬರುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಡಗ್ಲಾಸನು ಕೇಳಿಕೊಂಡದ್ದರಿಂದ ಇವರೂ ಮುದಿ ಪೀಟರನ ಹಗ್ಗಕ್ಕೆ ಸೇರಿಕೊಂಡರು. ಬಂಡೆಗೆ ಯಾವ ಹಗ್ಗವನ್ನೂ ಕಟ್ಟಿರಲಿಲ್ಲ.

ಕ್ರೋ ತನ್ನ ಹಿಮಗೊಡಲಿಯನ್ನು ಪಕ್ಕಕ್ಕಿಟ್ಟು, ಹ್ಯಾಡೊವಿನ ಪಾದಗಳನ್ನು ಒಂದೊಂದಾಗಿ ಕೈಯಿಂದ ಹಿಡಿದು ಬಂಡೆಯ ಮೇಲೆ ಇರಿಸುತ್ತಿದ್ದನು. ಮುಂದಿನ ಹೆಜ್ಜೆಗೆ ತಾನು ತಿರುಗುವಷ್ಟರಲ್ಲಿ ಹ್ಯಾಡೊ ಜಾರಿ ಅವನ ಮೇಲೆಯೇ ಬಿದ್ದನು. ಇಬ್ಬರ ಭಾರಕ್ಕೆ ಹಡ್ಸನ್ ಕಿತ್ತುಬಂದನು, ಮೂವರ ಭಾರಕ್ಕೆ ಡಗ್ಲಾಸನು. ಮೇಲಿದ್ದ ಮೂವರು ಊರಿ ನಿಂತರು. ಸೆಳೆತ ಬಂತು, ಡಗ್ಲಾಸನಿಗೂ ಮುದಿ ಪೀಟರನಿಗೂ ನಡುವೆ ಹಗ್ಗ ಹರಿಯಿತು. ನಾಲ್ವರೂ ಬೆನ್ನಡಿಯಾಗಿ, ಕೈಚಾಚಿ ಹಿಡಿಯಲು ತಡಕಾಡುತ್ತ ಜಾರಿ, ಸುಮಾರು 4,000 ಅಡಿ ಕೆಳಗಿನ ಹಿಮನದಿಗೆ ಬಿದ್ದರು. ಜೆರ್ಮಾಟಿನಲ್ಲಿ ಒಬ್ಬ ಹುಡುಗನು ಮ್ಯಾಟರ್‌ಹಾರ್ನಿನಿಂದ ಹಿಮ ಕುಸಿದದ್ದನ್ನು ಕಂಡೆನೆಂದು ಹೋಟೆಲಿನ ಯಜಮಾನನಿಗೆ ಓಡಿಬಂದು ಹೇಳಿದನು. ಸುಳ್ಳು ಹೇಳಬೇಡವೆಂದು ಅವನನ್ನು ಗದರಿಸಿದರು.

ಅರ್ಧ ಗಂಟೆ ಮೂವರೂ ಕದಲಲಿಲ್ಲ. ಕೊನೆಗೆ ಮುದಿ ಪೀಟರನು ಬಂಡೆಯೊಂದಕ್ಕೆ ಹಗ್ಗ ಬಿಗಿದ ಮೇಲೆ ಕೆಳಗಿಳಿಯಲು ಧೈರ್ಯ ಬಂದಿತು. ಅಲ್ಲಿಂದ ಮುಂದೆ ಕಷ್ಟದ ಜಾಗಗಳಲ್ಲಿ ಬಂಡೆಗೆ ಹಗ್ಗ ಕಟ್ಟುತ್ತ, ಕಟ್ಟಿದ್ದನ್ನು ಕತ್ತರಿಸಿ ಬಿಡುತ್ತ ಬಂದರು. ಹಿಂದೆ ಮಾಡಬೇಕೆಂದಿದ್ದುದನ್ನು ಈಗ ಮಾಡಿದರು. ಹರಿದ ತುದಿಯನ್ನು ಕೈಗೆ ತೆಗೆದುಕೊಂಡಾಗಲೇ ವಿಂಪರನಿಗೆ ಗೊತ್ತಾದದ್ದು: ಅದು ಮನಿಲಾ ಹಗ್ಗವಲ್ಲ, ಬಂಡೆಗೆ ಬಿಟ್ಟುಬರಲೆಂದು ತಂದ ತನ್ನ ಹಳೆಯ ತೆಳುಹುರಿ.

ಜೆರ್ಮಾಟಿನಲ್ಲಿ ಸರಕಾರದ ವಿಚಾರಣೆ ನಡೆಯಿತು. ಮೂವರ ಶವಗಳು ಸಿಕ್ಕಿದುವು. ಡಗ್ಲಾಸನದು ಸಿಗಲೇ ಇಲ್ಲ. ಆ ಹುರಿಯನ್ನು ಡಗ್ಲಾಸನಿಗೂ ತನಗೂ ನಡುವೆ ಕಟ್ಟಿದವನು ಮುದಿ ಪೀಟರ್. ತಾನು ಉಳಿಯಲೆಂದು ಬೇಕೆಂದೇ ಕೆಟ್ಟ ಹಗ್ಗವನ್ನು ಆರಿಸಿದನೋ, ಚಾಕುವಿನಿಂದ ಕತ್ತರಿಸಿಯೇ ಬಿಟ್ಟನೋ ಎಂದು ಊರವರೇ ಗುಸುಗುಟ್ಟಿದರು. ಕತ್ತರಿಸಿಲ್ಲವೆಂದು ವಿಂಪರನು ಸ್ಪಷ್ಟವಾಗಿ ಹೇಳಿದನು. ಆದರೆ ಹಗ್ಗದ ಆಯ್ಕೆಯ ಬಗ್ಗೆ ಸಂದೇಹದ ಒಂದು ಮುಳ್ಳನ್ನು ತನ್ನ ಪುಸ್ತಕದಲ್ಲಿ ಉಳಿಸಿದನು. ನ್ಯಾಯಾಧಿಕಾರಿಗಳು ಪೀಟರನನ್ನು ನಿರ್ದೋಷಿಯೆಂದು ಬಿಟ್ಟರು. ವಿಚಾರಣೆಯ ಕಾಗದಗಳು ಮಾತ್ರ ವಿಂಪರನ ಜೀವಿತಕಾಲದಲ್ಲಿ ಹೊರಬರಲಿಲ್ಲ. ಅವುಗಳಲ್ಲಿ ಮುದುಕನ ಹೇಳಿಕೆ ಇದೆ. ತನಗೂ ವಿಂಪರನಿಗೂ ನಡುವಣ ಹಗ್ಗ ಬಿಗಿಯಾಗಿರಲಿಲ್ಲವೆಂದೂ, ಅದನ್ನು ಒಂದು ಬಂಡೆಯ ಮೂಗಿಗೆ ಸುತ್ತಲು ಸಾಧ್ಯವಾದದ್ದರಿಂದಲೇ ಮೂವರು ಉಳಿದರೆಂದೂ ಅವನು ಹೇಳಿದ್ದಾನೆ. ವಿಂಪರನ ಪುಸ್ತಕದಲ್ಲಿ ಈ ಸುತ್ತಿನ ಮಾತಿಲ್ಲ; ಹಗ್ಗ ಬಿಗಿಯಾಗಿದ್ದು ಇಬ್ಬರೂ ಒಬ್ಬನಂತೆ ಸೆಳೆತವನ್ನು ತಡೆದೆವೆಂದಿದೆ.

ಇಬ್ಬರಲ್ಲಿ ಯಾರ ಮಾತು ನಿಜ? ಒಂದು ಕ್ಷಣದಲ್ಲಿ ನಡೆದದ್ದನ್ನು ಇಬ್ಬರು ಎರಡು ಬಗೆಯಾಗಿ ಕಂಡರೆ ಆಶ್ಚರ್ಯವಿಲ್ಲ. ಕಂಬಕ್ಕೆ ಸುತ್ತಿದ ಹಗ್ಗದ ಲೆಕ್ಕವನ್ನು ಬಲ್ಲವರಿಗೆ ಮುದುಕನ ಮಾತು ನಂಬಲಸಾಧ್ಯವಾದುದಲ್ಲ ಎಂದಷ್ಟೇ ಹೇಳಬಹುದು. ಹುರಿ ಹರಿಯದಿದ್ದರೆ ಆ ಒಂದು ಸುತ್ತು ಏಳು ಮಂದಿಯನ್ನೂ ಹಿಡಿಯುತ್ತಿತ್ತೋ, ಅಥವಾ ಏಳು ಮಂದಿಯೂ ಹೋಗುತ್ತಿದ್ದರೋ, ಯಾರು ಬಲ್ಲರು? ಒಂದು ಮಾತನ್ನು ಮಾತ್ರ ನಾನು ಬಿಡಲಾರೆ. ಹುರಿಯನ್ನು ಕಟ್ಟಿದ ಕೈ ಪೀಟರನದಾದರೂ, ಕಟ್ಟುವಾಗ ನೋಡಬೇಕಾಗಿದ್ದ ಕಣ್ಣು ವಿಂಪರನದಾಗಿತ್ತು. ಹಗ್ಗ ಅವನದು, ಅದರ ದೌರ್ಬಲ್ಯ ಬಲ್ಲವನು ಅವನು, ಬಂಡೆಗೆ ಕಟ್ಟಬೇಕೆಂದು ಹೇಳಿದವನೂ ಅವನು. ಅವನು ಚಿತ್ರ ಬರೆಯುತ್ತಿದ್ದನು. ಇದಕ್ಕಾಗಿ ಅವನನ್ನು ಅಪರಾಧಿಯೆನ್ನುವುದು ಅನ್ಯಾಯ. ಆದರೆ ಸಂದೇಹದ ಪಾಲೆಲ್ಲ ಬಡ ಮಾರ್ಗದರ್ಶಿಯ ತಲೆಗೆ ಬಂದದ್ದು ಇನ್ನೂ ದೊಡ್ಡ ಅನ್ಯಾಯ. ಮುದಿ ಪೀಟರನು ಕೆಲವು ವರ್ಷ ಅಮೆರಿಕಕ್ಕೆ ಹೋಗಿದ್ದು, ಹಿಂದಿರುಗಿ ಬಂದು, 1888ರಲ್ಲಿ ಮ್ಯಾಟರ್‌ಹಾರ್ನಿನ ಬುಡದಲ್ಲಿರುವ ಶ್ವಾರ್ಟ್ಸ್‌ಸೇ ಎಂಬ ಕೊಳದ ಬಳಿ ತೀರಿಕೊಂಡನು. ಏಳು ಮಂದಿ ಹೊರಟ ದಿನ ಹಗ್ಗದ ಹೊರೆಯನ್ನು ಎತ್ತಿಕೊಂಡದ್ದು ಅದೇ ಕೊಳದ ಬಳಿಯ ಪುಟ್ಟ ಗುಡಿಯಿಂದ.

ಲಂಡನ್ನಿನ ಪತ್ರಿಕೆಗಳು ಈ ಹುಚ್ಚು ಸಾಹಸವನ್ನೇ ನಿಲ್ಲಿಸಬೇಕೆಂದು ಬರೆದುವು. ಇಪ್ಪತ್ತೈದು ವರ್ಷದ ವಿಂಪರನು ಆಲ್ಪ್ಸಿನಲ್ಲಿ ಹೊಸ ಶಿಖರಗಳನ್ನು ಅರಸುವುದನ್ನು ಅಲ್ಲಿಗೆ ಬಿಟ್ಟನು. 1867ರಲ್ಲಿಯೂ 1872ರಲ್ಲಿಯೂ ಗ್ರೀನ್‌ಲೆಂಡಿಗೆ ಹೋಗಿ ಬಂದನು. 1871ರಲ್ಲಿ ಅವನ ಆಲ್ಪ್ಸ್ ಅನುಭವಗಳ ಪುಸ್ತಕ, ಅವನದೇ ಅಂಗಡಿಯ ಕೆತ್ತನೆಯ ಚಿತ್ರಗಳೊಡನೆ, ಪ್ರಕಟವಾಯಿತು. ಉಂಗುರದ ಚಿತ್ರ, ಕೊಕ್ಕೆಯ ಚಿತ್ರ, ಹರಿದ ಹಗ್ಗದ ಚಿತ್ರ, ಎಲ್ಲವೂ ಅದರಲ್ಲಿವೆ. ಮೂರು ಹಗ್ಗಗಳ ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೆತ್ತಿದ ಆ ಕೈ ಎಷ್ಟು ನಿಶ್ಚಲವಾಗಿತ್ತೆಂಬುದನ್ನು ನೋಡಿದರೆ ಮನಸ್ಸು ಒಂದು ಬಗೆಯಾಗುತ್ತದೆ.

ಅವನ ಬಾಳಿನ ಅತ್ಯಂತ ಹೃದ್ಯವಾದ ಭಾಗ 1879–80ರ ಈಕ್ವೆಡಾರ್ ಯಾತ್ರೆ. ಎತ್ತರದ ತೆಳುಗಾಳಿ ಮನುಷ್ಯನ ಮೈಗೆ ಏನು ಮಾಡುತ್ತದೆಂದು ತಿಳಿಯಲು ಹೊರಟವನು ಜೊತೆಗೆ ಆರಿಸಿಕೊಂಡದ್ದು ಯಾರನ್ನು? ಮ್ಯಾಟರ್‌ಹಾರ್ನಿನಲ್ಲಿ ತನ್ನನ್ನು ಬಿಟ್ಟು ಹೋಗಿದ್ದ, ತಾನು ಮೇಲಿನಿಂದ ಕಲ್ಲುರುಳಿಸಿ ಅಣಕಿಸಿದ್ದ ಕರೆಲನನ್ನೇ. 1880ರ ಜನವರಿ 4ರಂದು ಇಬ್ಬರೂ ಲೂಯಿ ಕರೆಲನೊಡನೆ ಚಿಂಬೊರಾಜೊ ಶಿಖರವನ್ನು ಮೊದಲ ಬಾರಿಗೆ ಮೆಟ್ಟಿದರು. ಕೊಟೊಪಾಕ್ಸಿ ಜ್ವಾಲಾಮುಖಿಯ ತುಟಿಯ ಬಳಿ ಡೇರೆ ಹೂಡಿ ರಾತ್ರಿ ಕಳೆದರು. ಹತ್ತು ವರ್ಷಗಳ ಮೇಲೆ, 1890ರಲ್ಲಿ, ಆ ಕರೆಲನು ಮ್ಯಾಟರ್‌ಹಾರ್ನಿನಲ್ಲಿ ಬಿರುಗಾಳಿಗೆ ಸಿಕ್ಕಿದ ಸಿನಿಗಾಲ್ಯ ಎಂಬ ಇಟಲಿಯ ಸಂಗೀತಗಾರನನ್ನು ಹಗ್ಗ ಹಿಡಿದು ಇಳಿಸಿ, ಅಪಾಯದ ಜಾಗವೆಲ್ಲ ದಾಟಿದ ಮೇಲೆ, ಹಿಮದ ಮೇಲೆ ಕುಸಿದು ಪ್ರಾಣ ಬಿಟ್ಟನು. ವಿಂಪರನ ಆಂಡೀಸ್ ಪುಸ್ತಕ 1892ರಲ್ಲಿ ಬಂದಾಗ ಅದನ್ನು ಓದಲು ಕರೆಲ್ ಇರಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ಛಾಯಾಚಿತ್ರದ ಅಚ್ಚು ಬಂದು ಮರಕೆತ್ತನೆಯ ಕಸುಬು ಸತ್ತಿತು. ವಿಂಪರನು ಊರೂರಿನಲ್ಲಿ ಮಾಯಾದೀಪದ ಚಿತ್ರ ತೋರಿಸುತ್ತ ಮ್ಯಾಟರ್‌ಹಾರ್ನಿನ ಕಥೆಯನ್ನು ಹೇಳಿದನು. ಶಾಮೊನಿ, ಜೆರ್ಮಾಟುಗಳಿಗೆ ಮಾರ್ಗದರ್ಶಿ ಪುಸ್ತಕಗಳನ್ನು ಬರೆದನು. 1901ರಿಂದ ಕೆಲವು ವರ್ಷ ಕೆನಡಾದ ರಾಕಿ ಪರ್ವತಗಳಲ್ಲಿ ತಿರುಗಿದನು. ಅರವತ್ತು ದಾಟಿದ ಮೇಲೆ, 1906ರಲ್ಲಿ, ತನಗಿಂತ ಬಹಳ ಚಿಕ್ಕವಳನ್ನು ಮದುವೆಯಾದನು. ಒಬ್ಬ ಮಗಳಾದಳು, ಸಂಸಾರ ಹೆಚ್ಚು ಕಾಲ ನಿಲ್ಲಲಿಲ್ಲ. 1911ರ ಸೆಪ್ಟೆಂಬರಿನಲ್ಲಿ ಶಾಮೊನಿಗೆ ಬಂದಿದ್ದಾಗ ಕಾಯಿಲೆಯಾಗಿ, ಹೋಟೆಲಿನ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು, ವೈದ್ಯರನ್ನು ಬರಗೊಡದೆ, 16ರಂದು ಒಬ್ಬನೇ ಸತ್ತನು. ಕ್ರೋ ಹುಟ್ಟಿ ಬೆಳೆದ ಕಣಿವೆ ಅದು.

ಅವನ ಕಾಲದ ಮೇಲೆ ಹಗ್ಗದ ಕಥೆ ಬೇಗಬೇಗ ಬದಲಾಯಿತು. 1915ರ ಮಹಾಯುದ್ಧದಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ಮಡಿದ ಜರ್ಮನಿಯ ಹಾನ್ಸ್ ಡುಲ್ಫರನು ಹಗ್ಗವನ್ನು ತೊಡೆಗೂ ಹೆಗಲಿಗೂ ಬಳಸಿಕೊಂಡು ಮೈಯನ್ನೇ ಕಂಬ ಮಾಡಿ ಇಳಿಯುವ ರೀತಿಯನ್ನು ರೂಢಿಗೆ ತಂದನು. ಅವನ ಹೆಸರಿನಿಂದ ಅದನ್ನು ಇಂದಿಗೂ ಕರೆಯುತ್ತಾರೆ. ಹಗ್ಗ ಸೇರಿಸುವ ಕೊಂಡಿಗಳು ಬಂದುವು, ನಾರಿನ ಜಾಗಕ್ಕೆ ಸೆಳೆತಕ್ಕೆ ಹಿಗ್ಗುವ ನೈಲಾನ್ ಬಂತು. ಅಂಗೈಯಗಲದ ಲೋಹದ ತುಂಡಿನಲ್ಲಿ ಹಗ್ಗವನ್ನು ಬಳಸಿ ತಿರುಗಿಸಿ, ಒಂದೇ ಕೈಯಿಂದ ಬೀಳುವವನನ್ನು ತಡೆಯುವ ಸಾಧನಗಳು 1970ರ ಸುಮಾರಿನಿಂದ ಹರಡಿದುವು. 1991ರಲ್ಲಿ ಬಂದ ಗ್ರಿಗ್ರಿ ಎಂಬುದರಲ್ಲಿ, ಹಗ್ಗವು ರಭಸದಿಂದ ಸೆಳೆದೊಡನೆ ಒಳಗಿನ ತಿರುಗುಬಿಲ್ಲೆಯೇ ಅದನ್ನು ಕಚ್ಚಿ ಹಿಡಿಯುತ್ತದೆ.

ಮ್ಯಾಟರ್‌ಹಾರ್ನಿನಲ್ಲಿ, ನಾಲ್ವರು ಜಾರಿದ ಆ ಮೇಲ್ಭಾಗಕ್ಕೆ ಹೋಗುವ ದಾರಿಯಲ್ಲಿ, ಈಗ ಕೈತುಂಬ ಹಿಡಿಯುವಷ್ಟು ದಪ್ಪನೆಯ ಹಗ್ಗಗಳನ್ನು ಕಬ್ಬಿಣದ ಗೂಟಗಳಿಂದ ಬಂಡೆಗೆ ಬಿಗಿದು ಬಿಟ್ಟಿದ್ದಾರೆ. ಏರುವವರೂ ಇಳಿಯುವವರೂ ಅವನ್ನು ಹಿಡಿದುಕೊಂಡೇ ಹೋಗುತ್ತಾರೆ.